ತೊಳೆದವನು ಮುಚ್ಚಬೇಕಾದದ್ದು

ಸತ್ತವರನ್ನು ತೊಳೆಯಲು ಕಲಿಯಬೇಕೆಂದು ಬರುವವರಿಗೆ ನಾನು ಮೊದಲು ಹೇಳುವುದು ನೀರಿನ ವಿಷಯ. ಉಗುರುಬೆಚ್ಚಗಿರಬೇಕು, ನಿಮ್ಮ ಮೊಣಕೈ ಮೇಲೆ ಸುರಿದುಕೊಂಡು ನೋಡಿ. ಹೊಟ್ಟೆಯನ್ನು ಮೆಲ್ಲಗೆ ಒತ್ತಿ, ಜೀವ ಇರುವವನಿಗೆ ನೋವಾದೀತೆಂಬಂತೆ. ಮೈಮೇಲೆ ಕಂಡ ಕುಂದನ್ನು ಹೊರಗೆ ಬಂದು ಆಡಬೇಡಿ. ನಮ್ಮ ದೀನ್, ನಮ್ಮ ಧರ್ಮ, ಕಲಿಸುವ ದಯೆಯಲ್ಲಿ ಇದು ದೊಡ್ಡದು, ಏಕೆಂದರೆ ಸತ್ತವನು ಎದ್ದು ತನ್ನ ಮೈ ತಾನು ಮುಚ್ಚಿಕೊಳ್ಳಲಾರ.

ಪೀಣ್ಯದಲ್ಲಿ ನನ್ನದು ಹಳೆ ಮೆಷಿನ್, ಗುಜರಿ ಕೊಂಡು ಮಾರುವ ಕಸುಬು. ಮಸೀದಿಯವರು ಕರೆದಾಗ ಮಯ್ಯತ್ ತೊಳೆಯಲು ಹೋಗುತ್ತೇನೆ. ಈ ಒಂದು ಕೆಲಸದಲ್ಲಿ ನನಗೆ ಚೌಕಾಸಿ ಇಲ್ಲವೆಂದು ಹೆಮ್ಮೆಪಡುತ್ತಿದ್ದೆ.

ಒಂದು ಬೆಳಿಗ್ಗೆ ಯಾದಗಿರಿ ಕಡೆಯವನೊಬ್ಬನ ಮಯ್ಯತ್ ಬಂತು. ಕ್ರೋಮ್ ಪ್ಲೇಟಿಂಗ್ ಯೂನಿಟ್ಟಿನ ಕೆಲಸಗಾರ. ನಲ್ಲಿ, ಹಿಡಿಕೆಗಳನ್ನು ಹೊಳೆಯಿಸಲು ಆಸಿಡ್ ತೊಟ್ಟಿಯಲ್ಲಿ ಅದ್ದುವವ. ಜ್ವರ, ಉಸಿರಿನ ತೊಂದರೆ ಎಂದು ಆಸ್ಪತ್ರೆ ಸೇರಿ ಎರಡೇ ದಿನಕ್ಕೆ ಹೋಗಿಬಿಟ್ಟಿದ್ದ. ಬೆರಳುಗಳ ಮೇಲೆ ದುಂಡನೆಯ ಹುಣ್ಣುಗಳು, ಮೊಳೆ ಹೊಡೆದು ಕಿತ್ತ ಹಾಗೆ. ಮೂಗು ಒರೆಸಲು ಒದ್ದೆ ಹತ್ತಿಯನ್ನು ಎಡ ಹೊಳ್ಳೆಗೆ ಇಟ್ಟೆ. ಅದು ಬಲ ಹೊಳ್ಳೆಯಲ್ಲಿ ಕಾಣಿಸಿತು. ನಡುವೆ ಗೋಡೆಯೇ ಇರಲಿಲ್ಲ.

ಇಪ್ಪತ್ತು ವರ್ಷ ಇಂಥ ಯೂನಿಟ್ಟುಗಳ ಹಳೆ ತೊಟ್ಟಿ ಕೊಂಡವನಿಗೆ ಆ ತೂತನ್ನು ಯಾವ ಹೊಗೆ ಕೊರೆಯಿತೆಂದು ಯಾರೂ ಹೇಳಿಕೊಡಬೇಕಿಲ್ಲ.

ಹೊರಗೆ ಯೂನಿಟ್ಟಿನ ಮಾಲೀಕ ನಿಂತಿದ್ದ. ನಮ್ಮವನೇ, ಐದು ಹೊತ್ತಿನ ನಮಾಜಿ. ಅವನ ಆಫೀಸಿನ ಬಾಗಿಲ ಮೇಲೆ ಬಿಸ್ಮಿಲ್ಲಾ, ಅಲ್ಲಾಹನನ್ನು ದಯಾಮಯ ಕರುಣಾಳು ಎನ್ನುವ ಆ ಸಾಲು, ಬಂಗಾರದ ಬಣ್ಣದಲ್ಲಿದೆ. ಒಳಗೆ ಹೊಗೆ ಎಳೆಯುವ ಫ್ಯಾನು ಕೆಟ್ಟು ಕೂತಿದೆ. ಹೆಣಕ್ಕೆ ಹೊದಿಸುವ ಕಫನ್ ಬಟ್ಟೆ ತಾನೇ ತಂದಿದ್ದ.

"ಭಾಯ್, ಮಯ್ಯತ್ ಮೇಲೆ ಏನು ಕಂಡ್ರೂ ಮುಚ್ಚಬೇಕು ಅಲ್ವಾ? ನಿಮಗೆ ನಾನು ಹೇಳೋದೇನಿದೆ. ರಹಮ್, ದಯೆ ಅಂದ್ರೆ ಅದೇ ತಾನೇ."

"ಹೌದು ಸಾಹೇಬ್ರೆ," ಎಂದೆ.

ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ತೊಟ್ಟಿಗೆ ಕರೆಂಟು ಕೊಡುವ ಅವನ ಹಳೆ ರೆಕ್ಟಿಫೈಯರ್ ಮೇಲೆ ನನಗೆ ಕಣ್ಣಿತ್ತು. ಕಫನ್ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅದರ ರೇಟು ಮಾತಾಡಿದೆ. ಎಂದೂ ಇಳಿಯದವನು ಆ ದಿನ ಥಟ್ಟನೆ ಇಳಿದ. ವ್ಯಾಪಾರಕ್ಕೆ ಇಳಿಯುವವರು ಇದನ್ನು ಬರೆದಿಟ್ಟುಕೊಳ್ಳಿ: ನೀವು ಜಗ್ಗುವ ಮೊದಲೇ ಎದುರಿನವನು ಇಳಿದರೆ, ಅವನು ನಿಮ್ಮಿಂದ ಬೇರೇನನ್ನೋ ಕೊಳ್ಳುತ್ತಿದ್ದಾನೆ. ನನಗದು ಗೊತ್ತಿತ್ತು. ಗೊತ್ತಿದ್ದೂ ಕೈ ಕುಲುಕಿದೆ. ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಮೂರನೆಯ ದಿನ ಸತ್ತವನ ಬಾಡಿಗೆ ರೂಮಿನಲ್ಲಿ ಫಾತೆಹಾ, ಅವನಿಗಾಗಿ ಓದುವ ಪ್ರಾರ್ಥನೆ. ಹೆಂಡತಿ ಮತ್ತು ಆಕೆಯ ಮೈದುನ, ಅಂದರೆ ಸತ್ತವನ ತಮ್ಮ, ಊರಿಂದ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಅವರ ಮನೆಮಾತೂ ಕನ್ನಡವೇ. ತೊಟ್ಟಿಯ ಮೇಲೆ ಅವನ ಜೊತೆ ದುಡಿಯುತ್ತಿದ್ದ ಮೂವರು ಗೋಡೆಗೆ ಒರಗಿದ್ದರು. ಮಾಲೀಕ ಖರ್ಜೂರದ ಡಬ್ಬ ಹಿಡಿದು ಬಂದು, ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ.

ಓದುವುದು ಮುಗಿದದ್ದೇ ಮೈದುನ ಶುರುಮಾಡಿದ. "ಹೋದ ಹಬ್ಬಕ್ಕ ಅಣ್ಣ ಊರಿಗೆ ಬಂದಾಗ ನಾನೇ ನೋಡೀನ್ರಿ. ಕೈಯಾಗ ಹುಣ್ಣು, ಮೂಗಿನಾಗ ರಗತ. ಈ ಊರಾಗ ಯಾವ ಹೆಂಗಸಿನ ಹಂತ್ಯಾಕ ಹೋಗಿದ್ನೋ ಏನೋ. ಆ ರೋಗ ಈಕಿಗೂ ಹತ್ತಿರ್ತೈತಿ. ಈಕಿ ತವರಿಗೆ ಹೋಗ್ಲಿ."

"ನನ್ನ ಮಕ್ಕಳು?" ಎಂದಳು ಆಕೆ.

"ಅವು ನಮ್ಮನಿ ಮಕ್ಕಳು. ನಮ್ಮ ಹತ್ರಾನೇ ಇರ್ತಾವು."

ಮಾಲೀಕ ಗಂಟಲು ಸರಿಮಾಡಿಕೊಂಡ. "ಹೋದವನ ಐಬು ಎತ್ತಬಾರದಪ್ಪಾ. ಮುಚ್ಚಿಬಿಡು. ಅಲ್ಲಾಹ್ ಮಾಫ್ ಮಾಡೋನು."

ಮೈದುನ 'ಕೇಳಿದ್ಯಾ?' ಎನ್ನುವಂತೆ ಆಕೆಯತ್ತ ತಿರುಗಿದ. ಇಲ್ಲದ ರೋಗಕ್ಕೆ ಮಾಲೀಕನ ಕ್ಷಮೆ ಮೊಹರು ಒತ್ತಿತ್ತು. ದಯೆಯ ಮಾತು ಇಷ್ಟು ನಾರಬಲ್ಲದೆಂದು ಅಂದಿನವರೆಗೆ ನನಗೆ ಗೊತ್ತಿರಲಿಲ್ಲ.

ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನ್ನ ಕಡೆ ನೋಡಿದಳು. "ಅಣ್ಣಾರ, ನೀವೇ ತೊಳದೀರಂತ. ಏನ್ ಕಂಡ್ರಿ, ಹೇಳ್ರಿ."

ಮಾಲೀಕ ನನ್ನನ್ನೇ ನೋಡುತ್ತಿದ್ದ. ಮುಚ್ಚಿದರೆ ಯಾರ ಮಾನ ಉಳಿಯುತ್ತದೆ, ಯಾರದು ಹೋಗುತ್ತದೆ? ಯಾವ ಮೌಲಾನಾರನ್ನೂ ಕೇಳಬೇಕಿರಲಿಲ್ಲ. ದಿನವೂ ಗುಜರಿ ತೂಗುವವನಿಗೆ ಅಷ್ಟು ತೂಗಲು ಬರುತ್ತದೆ.

"ಕಂಡೆ ತಾಯಿ. ಹುಣ್ಣೂ ಕಂಡೆ, ಮೂಗಿನ ತೂತೂ ಕಂಡೆ. ಸತ್ತಿದ್ದು ಅದ್ರಿಂದಾನಾ ಅಂತ ಹೇಳೋಕೆ ನಾನು ಡಾಕ್ಟ್ರಲ್ಲ. ಆದ್ರೆ ಅದು ಎಲ್ಲಿಂದ ಬಂತು ಅಂತ ಗೊತ್ತು." ಗೋಡೆಗೆ ಒರಗಿದ್ದವರತ್ತ ತಿರುಗಿದೆ. "ಏನ್ರಪ್ಪಾ, ಕೈ ತೋರಿಸಿ."

"ಭಾಯ್, ಇದು ಫಾತೆಹಾ ಮನೆ!" ಮಾಲೀಕ ಎದ್ದ.

"ಅದಕ್ಕೇ ಸುಳ್ಳು ಹೇಳ್ತಿಲ್ಲ ಸಾಹೇಬ್ರೆ. ಕೂತ್ಕೊಳ್ಳಿ, ಖರ್ಜೂರ ತಗೊಳ್ಳಿ."

ಒಬ್ಬ ಕೈಗಳನ್ನು ಕಂಕುಳಲ್ಲಿ ಅಡಗಿಸಿದ. ಇನ್ನೊಬ್ಬ ನೆಲ ನೋಡಿದ. ಮೂರನೆಯವನು, ಅವರಲ್ಲಿ ಹಿರಿಯ, ಮಾಲೀಕನ ಮುಖ ನೋಡದೆ ಕೈ ಚಾಚಿದ. ಬೆರಳ ಗೆಣ್ಣಿನ ಮೇಲೆ ಅದೇ ದುಂಡು ಹುಣ್ಣು. ಆಮೇಲೆ ಉಳಿದಿಬ್ಬರೂ ಚಾಚಿದರು. ಆರು ಕೈ, ಒಂದೇ ಗುರುತು.

"ತೊಟ್ಟಿ ನೀರಿಂದು, ತಮ್ಮಾ," ಎಂದ ಹಿರಿಯ, ಮೈದುನನಿಗೆ. "ನಿಮ್ಮಣ್ಣ ಎಲ್ಲೂ ಹೋಗಿಲ್ಲ. ಹೋಗಾಕ ರಜಾನರ ಎಲ್ಲಿ ಕೊಡ್ತಾರ?"

ಮಾಲೀಕ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ. ಮೈದುನ ಒಂದೊಂದೇ ಕೈಯನ್ನು ಬಗ್ಗಿ ನೋಡಿದ. ಆಮೇಲೆ ಆಕೆಯ ಚೀಲವನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡ.

"ಏಳ್ರಿ ಭಾಬಿ. ಮಕ್ಕಳು ಹಾದಿ ನೋಡ್ತಿರ್ತಾವು."

ಆಕೆ ತಕ್ಷಣ ಏಳಲಿಲ್ಲ. ಕೈ ಅಡಗಿಸಿದ್ದವನನ್ನು ಕೇಳಿದಳು. "ಮದುವಿ ಆಗೇತೇನೋ ಯಪ್ಪಾ?"

"ಆಗೇತಿ ಅಕ್ಕಾ."

"ಆಕಿಗೆ ಈಗಲೇ ವಿಡಿಯೋ ಕಾಲ್ ಹಚ್ಚು. ಈ ಕೈ ತೋರ್ಸು. ಎದರಿಂದ ಆಗೇತಿ ಅಂತ ನಿನ್ನ ಬಾಯಿಲೇ ಹೇಳು. ಆಮ್ಯಾಗ ಹೇಳವರು ಸಿಗ್ತಾರೋ ಇಲ್ಲೋ."

ಅವನು ಫೋನು ತೆಗೆದ.