ಜೋಡಿ ಗಿಳಿಯ ತಟ್ಟೆ

ಕುದಿಯುವ ಸಕ್ಕರೆ ಪಾಕಕ್ಕೆ ನಾಲ್ಕು ಚಮಚ ಹಾಲು ಬಿದ್ದಾಗ ಏಳುವ ವಾಸನೆ ಬೇರೆ ಯಾವ ಅಡುಗೆಯಲ್ಲಿಯೂ ಇಲ್ಲ. ಮೊದಲು ಒಡೆದ ಹಾಲಿನ ತೆಳುವಾದ ಹುಳಿ, ಅದರ ಹಿಂದೆಯೇ ಕಬ್ಬಿನ ಹಸಿ, ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂದಮೇಲೆ ಕೊನೆಯಲ್ಲಿ ಉಳಿಯುವ ಬಿಸಿಬಿಸಿ ಸಿಹಿ. ಮೂರೂ ಇದೇ ಕ್ರಮದಲ್ಲಿ ಬರುತ್ತವೆ. ಈ ಸಲದ ಸಂಕ್ರಾಂತಿಯ ಹಿಂದಿನ ದಿನ ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಯಾರೋ ಸಕ್ಕರೆ ಅಚ್ಚು ಹುಯ್ಯುತ್ತಿದ್ದರು. ತರಕಾರಿ ಚೀಲ ಹಿಡಿದುಕೊಂಡು ಬರುತ್ತಿದ್ದ ನಾನು ಪರಿಚಯವಿಲ್ಲದವರ ಕಿಟಕಿಯ ಕೆಳಗೆ ನಿಂತುಬಿಟ್ಟೆ. ನಿಮಗೂ ಹೀಗೆ ನಿಲ್ಲಿಸುವ ವಾಸನೆ ಯಾವುದಾದರೊಂದು ಇದ್ದೇ ಇರುತ್ತದೆ. ನನ್ನದು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಸಾಲಿನಲ್ಲಿದ್ದ ಒಂದೂವರೆ ಕೋಣೆಯ ಮನೆಗೆ, ನನ್ನ ಹತ್ತನೆಯ ವಯಸ್ಸಿಗೆ, ನಾಗರತ್ನತ್ತೆಯ ಒಲೆಯ ಮುಂದಕ್ಕೆ ಕರೆದೊಯ್ಯುತ್ತದೆ.

ನಾಗರತ್ನತ್ತೆ ನನ್ನ ತಂದೆಯ ತಂಗಿ. ಕರಿ ಎಳ್ಳಿನ ಬಣ್ಣ, ಉದ್ದನೆಯ ಕತ್ತು, ನಗುವಾಗ ಮೊದಲು ಕಣ್ಣು ನಗುತ್ತಿತ್ತು. ಧನುರ್ಮಾಸ ಮುಗಿಯುತ್ತ ಬಂದಂತೆ ಅವಳು ಮರದ ಅಚ್ಚುಗಳನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಎರಡೆರಡು ಹೋಳುಗಳನ್ನು ದಾರದಿಂದ ಬಿಗಿದು, ಸೋಸಿದ ಪಾಕವು ಬೆಳ್ಳಗೆ ತಿರುಗುವ ಆ ಒಂದು ಕ್ಷಣವನ್ನು ಹಿಡಿದು ಹುಯ್ಯುತ್ತಿದ್ದಳು. ಆನೆ, ಮಂಟಪ, ತುಳಸಿಕಟ್ಟೆ, ಗಿಳಿ. ಈ ಹಬ್ಬ ಹೇಗೆ ಹುಟ್ಟಿತೆಂದು ಕೇಳಿದರೆ ಅಜ್ಜಿ ಪುರಾಣವನ್ನು ಹೇಳುತ್ತಿರಲಿಲ್ಲ. ಚಳಿಗೆ ಒಡೆದ ಚರ್ಮಕ್ಕೆ ಎಳ್ಳಿನ ಜಿಡ್ಡು, ವರ್ಷವಿಡೀ ಆಡಿದ ಬಿರುಮಾತಿಗೆ ಬೆಲ್ಲ, ಅಷ್ಟೇ ಎನ್ನುತ್ತಿದ್ದಳು. ನಮ್ಮ ಸಾಲಿಗೆ ಆ ವಿವರಣೆ ಸರಿಯಾಗಿಯೇ ಒಪ್ಪುತ್ತಿತ್ತು. ಕೊಳಾಯಿಯ ಮುಂದೆ ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ಬೈದಾಡಿಕೊಂಡವರು ಆ ಸಂಜೆ ಒಬ್ಬರ ಬಾಗಿಲಿಗೆ ಒಬ್ಬರು ತಟ್ಟೆ ಕಳುಹಿಸುತ್ತಿದ್ದರು. ತಟ್ಟೆಯಲ್ಲಿ ಎಳ್ಳುಬೆಲ್ಲ, ಕಬ್ಬಿನ ತುಂಡು, ಮನೆಗೊಂದು ಸಕ್ಕರೆ ಅಚ್ಚು. 'ಮನೆಗೊಂದು' ಎಂಬ ನಿಯಮ ನನಗೆ ಬಾಯಿಪಾಠವಾಗಿತ್ತು. ಆ ನಿಯಮಕ್ಕೊಂದು ಅಪವಾದವಿದೆಯೆಂಬುದು ಮಾತ್ರ ಗೊತ್ತಿರಲಿಲ್ಲ. ಅದನ್ನು ಹಿರಿಯರು ಮಕ್ಕಳ ಮುಂದೆ ಆಡುತ್ತಿರಲಿಲ್ಲ. ಹೆಣ್ಣು ಕೇಳಿದ ಮನೆಗೆ ಜೋಡಿ ಅಚ್ಚು ಹೋದರೆ ಒಪ್ಪಿಗೆ. ಒಂದೇ ಹೋದರೆ, ಯಾರ ಮನಸ್ಸಿಗೂ ನೋವಾಗದಂತೆ, ಇಲ್ಲ.

ಹಿಂದಿನ ಸಾಲಿನ ಸರಸ್ವತಮ್ಮ ಕಾರ್ತಿಕದಲ್ಲಿಯೇ ತಮ್ಮ ಮಗ ಮುರಳಿಗೆ ಅತ್ತೆಯನ್ನು ಕೇಳಿದ್ದರಂತೆ. ಅವನು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ನಮ್ಮ ಮನೆಯ ಮುಂದೆ ಬಂದಾಗ ಮಾತ್ರ ಅವನ ಸೈಕಲ್ಲಿನ ಚೈನು ಕಳಚಿಕೊಳ್ಳುತ್ತಿತ್ತು. "ಅವ್ಳ ಮನಸ್ನಾಗೆ ಏನೈತೋ ಅದೇ ಆಗ್ಲಿ," ಎಂದು ತಾತ ಆ ತೀರ್ಮಾನವನ್ನು ಮಗಳಿಗೇ ಬಿಟ್ಟಿದ್ದರು. ಇವೆಲ್ಲವನ್ನೂ ನಾನು ತಿಳಿದದ್ದು ಆಮೇಲೆ.

ಹಬ್ಬದ ಮಧ್ಯಾಹ್ನ ಅತ್ತೆ ತಟ್ಟೆಗಳನ್ನೆಲ್ಲ ಜೋಡಿಸಿ ಬಟ್ಟೆ ಮುಚ್ಚಿ, "ಮುಟ್ಬ್ಯಾಡ ಕಣೇ ಮೇಷ್ಟ್ರಮ್ಮ, ಎಲ್ಲಾ ಸರ್ಯಾಗಿ ಇಕ್ಕಿವ್ನಿ. ಕೊನೇದು ಸರಸ್ವತಮ್ಮೋರ್ಗೆ," ಎಂದು ಹೇಳಿ ಸ್ನಾನಕ್ಕೆ ಹೋದಳು. ಸರಿಯಾಗಿದೆಯೆಂದು ಯಾರಾದರೂ ಹೇಳಿದರೆ ಪರೀಕ್ಷಿಸಿ ನೋಡುವುದು ಆಗಲೂ ನನ್ನ ಸ್ವಭಾವ. ಕೊನೆಯ ತಟ್ಟೆಯಲ್ಲಿ ಎರಡು ಗಿಳಿಗಳು ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ಕುಳಿತಿದ್ದವು. ತಪ್ಪು ಸಿಕ್ಕಿತೆಂದು ನನಗೆ ಎಂಥ ಹಿಗ್ಗು! ಒಂದು ಗಿಳಿಯನ್ನು ತೆಗೆದು ಬೇರೊಂದು ತಟ್ಟೆಗೆ ಹಾಕಿದೆ. ಅಲ್ಲಿದ್ದ ಸೊಂಡಿಲು ಮುರಿದ ಆನೆಯನ್ನು ನಾನು ತಿಂದೆ.

ಸಂಜೆ ಆ ತಟ್ಟೆಯನ್ನು ನಾನೇ ಒಯ್ದು ಕೊಟ್ಟೆ. ಸರಸ್ವತಮ್ಮ ಬಟ್ಟೆ ಸರಿಸಿ ನೋಡಿದರು. ಎಳ್ಳುಬೆಲ್ಲವನ್ನು ಬೆರಳಿನಿಂದ ಆಚೀಚೆ ಸರಿಸಿ ಹುಡುಕಿದರು.

"ಇಂತೇನಾ ಪಾಪಾ? ಇಷ್ಟೇನಾ ಕಳ್ಸಿದ್ದು?"

"ಇಷ್ಟೇ. ನಮ್ಮತ್ತೇನೇ ಕೈಯಾರ ಇಕ್ಕಿದ್ದು," ಎಂದೆ.

ಅವರು ನನ್ನ ತಲೆ ಸವರಿ, ಖಾಲಿ ತಟ್ಟೆ ಕಳುಹಿಸಬಾರದೆಂದು ತಮ್ಮ ಮನೆಯ ಎಳ್ಳುಬೆಲ್ಲವನ್ನು ತುಂಬಿ ಕೊಟ್ಟರು.

ಹದಿನೈದು ದಿನಗಳಾದರೂ ಆ ಮನೆಯಿಂದ ಸಂಬಂಧ ಗಟ್ಟಿಮಾಡುವ ಹೂವೀಳ್ಯ ಬರಲಿಲ್ಲ. "ನಾವೇ ಓಗಿ ಯಾಕ್ ಬರ್ಲಿಲ್ಲ ಅಂತ ಕೇಳದಾ? ಎಣ್ಣೆತ್ತೋರ್ಗೆ ಮಾನ ಇಲ್ವಾ?" ಎಂದು ಅಜ್ಜಿ ಗೊಣಗಿದಳು. ಅತ್ತೆ ಗಿಳಿಯ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಆ ವಾರವೇ ನಾನು ಕೊಳಾಯಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದಾಗ, ಸರಸ್ವತಮ್ಮ ಪಕ್ಕದವಳಿಗೆ ಹೇಳುತ್ತಿದ್ದರು: "ಒಂದೇ ಗಿಳಿ ಬಂತು ಕಣಮ್ಮಾ. ಬಾಯ್ಬಿಟ್ಟು ಬ್ಯಾಡ ಅನ್ನೋದಕ್ಕಿಂತ ಇದೇ ಮರ್ಯಾದೆ. ಸರೇಲೇ. ಕುಪ್ಪಂ ಕಡೆ ಒಂದುಡುಗಿ ನೋಡಿದೀವಿ."

"ಗಿಳೀನ ತಿಂದ್ರಾ?"

"ಮುರಳಿ ಎಲ್ಲಿ ತಿಂತಾನೆ! ಡಬ್ಬೀಲಿ ಇಕ್ಕಂಡವ್ನೆ."

"ಅಂಗಾದ್ರೆ ಇರುವೇಗೆ ಮದ್ವೆ ಊಟ ಬಿಡಿ!" ಎಂದು ಅವಳು ನಕ್ಕಳು.

ಬಿಂದಿಗೆ ತುಂಬಿ ಹರಿಯುತ್ತಿತ್ತು. ನನಗೆ ಎಲ್ಲವೂ ಅರ್ಥವಾಗಿತ್ತು. ಹತ್ತು ವರ್ಷದ ಮಗು, ಅರ್ಥವಾಗಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಆ ಬಿಂದಿಗೆಯನ್ನು ಅಲ್ಲಿಯೇ ಇಳಿಸಿ ಒಂದು ವಾಕ್ಯ ಹೇಳಿದ್ದರೆ ಸಾಕಾಗಿತ್ತು. ಮುರಳಿಯ ನಿಶ್ಚಿತಾರ್ಥಕ್ಕೆ ಇನ್ನೂ ಒಂದು ತಿಂಗಳಿತ್ತು. ಪ್ರತಿ ಬೆಳಿಗ್ಗೆ ಅತ್ತೆ ನನಗೆ ಜಡೆ ಹೆಣೆಯುತ್ತಿದ್ದಳು, ಪ್ರತಿ ಬೆಳಿಗ್ಗೆ ನಾನು ಬಾಯಿ ತೆರೆದು ಮುಚ್ಚುತ್ತಿದ್ದೆ. ಏಟಿನ ಭಯವೆಂದು ಬಹುಕಾಲ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ತಪ್ಪನ್ನು ತಿದ್ದುವವಳೆಂದು ಮನೆಯವರೆಲ್ಲ ಹೊಗಳುತ್ತಿದ್ದ ನಾನೇ ತಪ್ಪು ಮಾಡಿದೆನೆಂದು ಒಪ್ಪಿಕೊಳ್ಳಲಾರದೆ ಹೋದೆ.

ಮೂರು ವರ್ಷಗಳ ಬಳಿಕ ಅತ್ತೆಯನ್ನು ಕಾಮಸಮುದ್ರದ ಕಡೆಯ ವಿಧುರನೊಬ್ಬನಿಗೆ ಕೊಟ್ಟರು. ಅವನು ಕೆಟ್ಟವನಲ್ಲ, ಕಡಲೆಕಾಯಿ ಹೊಲ, ಹತ್ತಾರು ಕುರಿಗಳು, ಮೊದಲ ಹೆಂಡತಿಯ ಮಗಳು. ನಮ್ಮ ಸಾಲು ಬರಿದಾಯಿತು, ಗಣಿ ನಿಂತಿತು, ಅಜ್ಜಿ ತಾತ ಹೋದರು, ನಾನು ಶಾಲೆಯಲ್ಲಿ ಪಾಠ ಹೇಳುವವಳಾದೆ. ಫೆಬ್ರವರಿಯ ನಡುವೆ ಹತ್ತನೆಯ ತರಗತಿಯ ಮಕ್ಕಳು ಹೃದಯದ ಆಕಾರದ ಚಾಕೊಲೇಟನ್ನು ಬೆಂಚಿನಿಂದ ಬೆಂಚಿಗೆ ದಾಟಿಸುವಾಗ ಕಿತ್ತುಕೊಳ್ಳುವುದು ನನ್ನ ಕರ್ತವ್ಯವಾಗಿತ್ತು. ಅಲ್ಪವಿರಾಮ ತಪ್ಪಿದರೂ ಬಿಡದ ನಾನು ಆ ಒಂದು ದಿನ ಕಪ್ಪುಹಲಗೆಯ ಕಡೆಗೆ ಮುಖ ತಿರುಗಿಸಿ, ಬೇಕೆಂದೇ ನಿಧಾನವಾಗಿ ಬರೆಯುತ್ತಿದ್ದೆ.

ಹೋದ ವರ್ಷ, ನಲವತ್ತು ವರ್ಷಗಳು ಕಳೆದಮೇಲೆ, ಕಾಮಸಮುದ್ರದ ಬಸ್ಸು ಹತ್ತಿ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಬೈಯುತ್ತಾಳೆ, ಇಲ್ಲವೆ ಮುರಳಿಯ ವಿಚಾರ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯನ್ನು ಮೊರದಲ್ಲಿಯೇ ಬಿಟ್ಟು ನನ್ನನ್ನು ನೋಡಿದಳು.

"ಅಂಗಾದ್ರೆ, ನಾನು ಕಪ್ಪಗಿದೀನಿ ಅಂತ ಅವ್ರು ಬ್ಯಾಡ ಅಂದಿದ್ದಲ್ವಾ?"

"ಅಲ್ಲ, ಅತ್ತೆ."

"ನಿಜ ಏಳೇ. ಅದಕ್ಕಲ್ವಾ?"

"ಅದಕ್ಕಲ್ಲ. ನನ್ನಿಂದ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಮೊದ್ಲೇ ಏಳ್ಬಾರ್ದಿತ್ತೇನೇ," ಎಂದಳು, ಅಷ್ಟೇ. ಮತ್ತೆ ಕಾಯಿ ಸುಲಿಯತೊಡಗಿದಳು. ಆಷಾಢದಲ್ಲಿ ತೀರಿಹೋದಳು.

ಅವಳ ವೈಕುಂಠ ಸಮಾರಾಧನೆಗೆ ದೊಡ್ಡದು ಮಾಡಿಸಲೆಂದು ಒಂದು ಫೋಟೊ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮದುವೆ, ನಾಮಕರಣ, ಗೃಹಪ್ರವೇಶಗಳ ಚಿತ್ರಗಳನ್ನೆಲ್ಲ ತಿರುವಿಹಾಕಿದೆ. ಎಲ್ಲದರಲ್ಲಿಯೂ ಅತ್ತೆ ಹಿಂದಿನ ಸಾಲಿನಲ್ಲಿ, ಯಾರದಾದರೂ ಭುಜದ ಮರೆಯಲ್ಲಿ, ಅರ್ಧ ಮುಖ ಮಾತ್ರ ಕಾಣುವಂತೆ ನಿಂತಿದ್ದಾಳೆ. ನಮ್ಮತ್ತೆಗೆ ನಾಚಿಕೆ ಹೆಚ್ಚೆಂದು ನಾನೇ ಎಲ್ಲರಿಗೂ ಹೇಳುತ್ತ ಬಂದಿದ್ದೆ.