ಫೋಟೋದಲ್ಲಿ ನಿಂತ ಅತಿಥಿ

ಇಪ್ಪತ್ತು ವರ್ಷ ದುಡಿದ ಜಾಗದಲ್ಲಿ ನಿಮ್ಮನ್ನೇ ಅತಿಥಿ ಎಂದು ಬರೆದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಗುರುಸಿದ್ದಪ್ಪನವರಿಗಂತೂ ಉರಿಯಿತು. ಅವರಿಗೆ ಉರಿಯಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ, ಅದು ಬೇರೆ ಮಾತು.

ಭದ್ರಾವತಿಯ ಕಡೆಯವರು. ಅಮೆರಿಕದ ಚಾರ್ಲ್‌ಸ್ಟನ್ನಿನ ಶಿಪ್‌ಯಾರ್ಡಿನಲ್ಲಿ ವೆಲ್ಡಿಂಗ್ ಪರೀಕ್ಷಿಸುವ ಕೆಲಸ. ಹಡಗಿನ ಒಂದೊಂದು ಜೋಡಣೆಯನ್ನೂ ನೋಡಿ, ಎಕ್ಸ್‌ರೇ ತೆಗೆಸಿ, ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಿದ್ದರು. ಸುತ್ತು ಬಿದ್ದರೆ ಆ ಬೆಸುಗೆಯನ್ನು ಕೆರೆದು ತೆಗೆದು ಮತ್ತೆ ಮಾಡಬೇಕು. ವೆಲ್ಡರುಗಳು ಇವರನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ತೊಂಬತ್ತಾರರಲ್ಲಿ ಯಾರ್ಡ್ ಮುಚ್ಚಿತು. ಕಂಪ್ಯೂಟರ್ ಕಂಪನಿಗಳಿದ್ದ ಕ್ಯಾರಿ ಎಂಬ ಊರಿನಿಂದ ಮುರಳೀಧರ ಎಂಬ ಪರಿಚಯದ ಹುಡುಗ ಫೋನ್ ಮಾಡಿ, "ಮೂರು ತಿಂಗಳು ಕಂಪ್ಯೂಟರ್ ಕೋರ್ಸ್ ಮಾಡಿ ಅಂಕಲ್, ಇಲ್ಲಿ ಜಾಬ್ ಗ್ಯಾರಂಟಿ" ಎಂದ. "ನಂಗೆ ಗೊತ್ತಿರೋದು ಕಬ್ಬಿಣ ಕಣಯ್ಯ" ಎಂದು ಇವರು ಫೋನ್ ಇಟ್ಟರು.

ಎರಡು ವರ್ಷದ ಮೇಲೆ ಕೌಂಟಿಯವರಿಗೆ, ಅಂದರೆ ಅಲ್ಲಿನ ಜಿಲ್ಲಾಡಳಿತಕ್ಕೆ, ಬಂದರಿನ ಇತಿಹಾಸದ ಮೇಲೆ ಪ್ರೀತಿ ಉಕ್ಕಿತು. ಯಾರ್ಡ್ ಇದ್ದಾಗ ಇಲ್ಲದ ಪ್ರೀತಿ. ಕಚೇರಿಯ ಹಜಾರದಲ್ಲಿ ಫೋಟೋ ಪ್ರದರ್ಶನ ಇಟ್ಟರು. ಕೊನೆಯ ಹಡಗು ಹೊರಡುವ ಹಿಂದಿನ ದಿನ ತೆಗೆದ ಗುಂಪು ಫೋಟೋ ಅಲ್ಲಿತ್ತು. ಕೆಳಗೆ ಎಲ್ಲರ ಹೆಸರು. ಮಧ್ಯೆ ನಿಂತ ಗುರುಸಿದ್ದಪ್ಪನವರಿಗೆ ಮಾತ್ರ 'ಭಾರತದಿಂದ ಬಂದಿದ್ದ ಅತಿಥಿ.'

ತಪ್ಪು ಪೂರ್ತಿ ಕೌಂಟಿಯದೇ ಎನ್ನುವಂತಿಲ್ಲ. ಉಳಿದವರೆಲ್ಲ ಮಸಿ ಮೆತ್ತಿದ ಬಟ್ಟೆಯಲ್ಲಿದ್ದರೆ ಇವರು ಸೂಟು, ಜರಿಯ ಶಾಲು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಹಾರ. ಹೆಂಡತಿ ಸುಶೀಲಾ ಕಳಿಸಿದ್ದು ಹಾಗೆ.

"ಅತಿಥಿ ಅಂತೆ. ನಿನ್ನ ಶಾಲಿನ ಪ್ರಭಾವ" ಎಂದರು ಮನೆಗೆ ಬಂದು.

"ರಿಟೈರ್ ಆಗೋರಿಗೆ ಶಾಲು ಹೊದಿಸದೆ ಕಳಿಸ್ತಾರೇನ್ರೀ? ಅವರು ಹೊದಿಸಲ್ಲ ಅಂತ ನಾನೇ ಹೊದಿಸ್ದೆ" ಎಂದರು ಸುಶೀಲಾ.

ಹೆಸರು ಹಾಕಿಸಲು ಕೌಂಟಿ ಕಚೇರಿಗೆ ನಾಲ್ಕು ಸಲ ಅಲೆದರು. ಅಲ್ಲಿಯವರು ಯಾರ್ಡಿನ ಬ್ಯಾಡ್ಜ್ ಎಲ್ಲಿ ಎಂದರು. ಕೊನೆಯ ದಿನ ವಾಪಸು ಪಡೆದಿದ್ದಾರೆ ಎಂದರು ಇವರು. ಪೆನ್ಷನ್ ಕಾಗದ ತೋರಿಸಿದರು. ಕಿಟಕಿಯ ಹಿಂದಿನ ಹೆಂಗಸು ನಯವಾಗಿ, "ನೀವು ಯಾರ್ಡಿನಲ್ಲಿದ್ರಿ ಅಂತ ಇದು ಹೇಳುತ್ತೆ ಸರ್, ಆ ಹಡಗಿನಲ್ಲಿ ಕೆಲಸ ಮಾಡಿದ್ರಿ ಅಂತ ಹೇಳಲ್ಲ. ಮಾಡಿದವರು ಯಾರಾದರೂ ಬಂದು ಸಹಿ ಹಾಕಲಿ" ಎಂದಳು. ಆ ನಯಕ್ಕೇ ಅವರಿಗೆ ಇನ್ನಷ್ಟು ರೇಗಿತು.

ಹಡಗಿನವರೆಲ್ಲ ದಿಕ್ಕಾಪಾಲಾಗಿದ್ದರು. ಊರಲ್ಲಿ ಉಳಿದಿದ್ದವನು ವೆಲ್ಡರ್ ಅರ್ಲ್ ಒಬ್ಬನೇ. ಇವರ ಕೆಂಪು ಸುತ್ತುಗಳನ್ನು ಎಲ್ಲರಿಗಿಂತ ಹೆಚ್ಚು ತಿಂದವನು. ಬೇರೆ ದಾರಿಯಿಲ್ಲದೆ ಅವನ ಬಾಗಿಲು ತಟ್ಟಿದರು. ವಿಷಯ ಕೇಳಿ ಅವನು ಟೋಪಿ ಹಾಕಿಕೊಂಡು ಜೊತೆಗೆ ಬಂದ.

"ಅತಿಥಿಯಾ?" ಎಂದ ಅರ್ಲ್ ಆ ಹೆಂಗಸಿಗೆ. "ಇವನು ನನ್ನ ಕೈಲಿ ಮಾಡಿದ ಕೆಲಸಾನೇ ಮತ್ತೆ ಮತ್ತೆ ಮಾಡಿಸಿದ್ದಾನಮ್ಮ. ಅತಿಥಿಗಳಿಗೆ ಅಷ್ಟು ಧೈರ್ಯ ಇರಲ್ಲ." ಸಹಿ ಹಾಕಿದ. ಆಕೆ ಹೊಸ ಚೀಟಿ ಟೈಪ್ ಮಾಡಿ ತಂದು ಅಂಟಿಸಿದಳು: ಗುರುಸಿದ್ದಪ್ಪ, ವೆಲ್ಡಿಂಗ್ ಇನ್‌ಸ್ಪೆಕ್ಟರ್.

ಗುರುಸಿದ್ದಪ್ಪನವರ ಎದೆ ತಣ್ಣಗಾಯಿತು. ಅರ್ಲ್‌ನ ತೋಳು ಹಿಡಿದು ಫೋಟೋದ ಹತ್ತಿರ ಎಳೆದರು.

"ನೀನೆಲ್ಲಿ ನಿಂತಿದ್ದೀಯ?"

"ನಾನಿಲ್ಲ ಸಿಡ್." ಯಾರ್ಡಿನಲ್ಲಿ ಇವರ ಹೆಸರು ಅಷ್ಟಕ್ಕೇ ಮೊಟಕಾಗಿತ್ತು. "ಅವತ್ತು ಬೆಳಿಗ್ಗೆ ನೀನು ಒಂದು ಸುತ್ತು ಹಾಕಿದ್ಯಲ್ಲ. ಇವರೆಲ್ಲ ಫೋಟೋಗೆ ನಿಂತಾಗ ನಾನು ಕೆಳಗಡೆ ಅದನ್ನ ಸರಿ ಮಾಡ್ತಿದ್ದೆ."

ಬಿರುಕು ಇತ್ತು, ಅದಕ್ಕೇ ಹಾಕಿದೆ ಎನ್ನಲು ಹೊರಟರು. ಬಿರುಕು ಇದ್ದದ್ದು ನಿಜ, ಇವನು ಅಲ್ಲಿ ಇಲ್ಲದ್ದೂ ನಿಜ. ಅವರಿಗೆ ನಾಚಿಕೆಯಾಯಿತು.

ಕಿಟಕಿಗೆ ಹೋಗಿ ಅರ್ಲ್‌ನ ಹೆಸರನ್ನೂ ಸೇರಿಸಿ ಎಂದರು. "ಫೋಟೋದಲ್ಲಿ ಇಲ್ಲದವರ ಹೆಸರು ಹಾಕೋಕಾಗಲ್ಲ ಸರ್" ಎಂದಳು ಆಕೆ, ಅದೇ ನಯದಲ್ಲಿ.

"ಬಿಡು ಸಿಡ್, ಮನೆಗೆ ಹೋಗೋಣ" ಎಂದ ಅರ್ಲ್.

ಅವನು ಹೋದ. ಗುರುಸಿದ್ದಪ್ಪನವರು ಅಲ್ಲಿದ್ದ ಕುರ್ಚಿ ಎಳೆದುಕೊಂಡು ಕಿಟಕಿಯ ಎದುರಿಗೇ ಕೂತರು.