ಸೊಸೈಟಿಗೆ ನಾನೂರ ಹದಿನೆಂಟು ನೂಕು

2002ರ ಫೆಬ್ರುವರಿ 11, ಸೋಮವಾರ. ಬೆಳಿಗ್ಗೆ ಆರೂಕಾಲು. ಹಾಲಿನ ಸೊಸೈಟಿಯ ಬಾಗಿಲಲ್ಲಿ ಪಕ್ಕದ ಮನೆಯ ಕಮಲಕ್ಕ ಹಿಂದಿನಿಂದ ಬಂದು, "ಶೋಭಾ, ಇದು ನಿನ್ನದಲ್ವಾ?" ಎಂದು ಒಂದು ಚಪ್ಪಲಿ ಎತ್ತಿ ತೋರಿಸಿದರು. ನನ್ನ ಬಲಗಾಲಿನದ್ದು. ಮೋರಿಯ ಹತ್ತಿರ ಬಿದ್ದಿತ್ತಂತೆ. ಮೋರಿಯಿಂದ ಸೊಸೈಟಿಯವರೆಗೆ ಜಲ್ಲಿಕಲ್ಲಿನ ದಾರಿ. ಅಷ್ಟು ದೂರ ಒಂದು ಕಾಲಿಗೆ ಚಪ್ಪಲಿ ಇಲ್ಲದೆ ನಡೆದಿದ್ದೆ.

ನನಗೆ ಗೊತ್ತೇ ಆಗಿರಲಿಲ್ಲ.

ಆಗ ನನಗೆ ಇಪ್ಪತ್ತಮೂರು ವರ್ಷ. ಸೊಸೈಟಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ. ಊರಿನವರು ಎರಡು ಹೊತ್ತು ಹಾಲು ತರುತ್ತಾರೆ. ಪ್ರತಿಯೊಬ್ಬರ ಹಾಲನ್ನೂ ಜಾಡಿಗೆ ಹೊಯ್ದು, ಲ್ಯಾಕ್ಟೋಮೀಟರ್ ತೇಲಿಬಿಟ್ಟು, ಅದು ನಿಂತ ಗೆರೆಯನ್ನು ಓದಿ ಪುಸ್ತಕದಲ್ಲಿ ಬರೆಯಬೇಕು. ನೀರು ಬೆರೆತಿದ್ದರೆ ಗೆರೆ ಇಳಿಯುತ್ತದೆ. ಆ ಸೋಮವಾರವೂ ಮೂವತ್ತೆಂಟು ಜನರ ಹಾಲು ನೋಡಿದೆ. ಮನೆಗೆ ಬರುವಾಗ ಎರಡು ಸಲ ಮುಗ್ಗರಿಸಿದೆ. ಮಧ್ಯಾಹ್ನದ ಹೊತ್ತಿಗೆ ಮೂತ್ರ ಕಟ್ಟಿತು. ಸಂಜೆ ಚಾಪೆಯಿಂದ ಏಳಲು ನೋಡಿದೆ. ಕಾಲುಗಳು ಇದ್ದಲ್ಲೇ ಇದ್ದವು.

ಅಣ್ಣ ಸುಧಾಕರ ಕಾರ್ಕಳದ ಗ್ಯಾರೇಜಿನಿಂದ ಜೀಪು ತಂದು ಮಣಿಪಾಲಕ್ಕೆ ಕರೆದುಕೊಂಡು ಹೋದ. ಎಂಆರ್‌ಐ ಆಯಿತು. ಬೆನ್ನಿನಿಂದ ನೀರು ತೆಗೆದರು. ಮೂರನೆಯ ದಿನ ಡಾಕ್ಟರು ಮಂಚದ ಪಕ್ಕ ಕುಳಿತು, ಇದರ ಹೆಸರು ಟ್ರಾನ್ಸ್‌ವರ್ಸ್ ಮೈಲೈಟಿಸ್, ಬೆನ್ನುಹುರಿಯಲ್ಲಿ ಒಂದು ಕಡೆ ಉರಿಯೂತ ಆಗಿದೆ ಎಂದರು.

"ಪುನಃ ನಡೆಯುತ್ತೇನಾ ಡಾಕ್ಟ್ರೇ?"

"ಕೆಲವರು ನಡೆಯುತ್ತಾರೆ. ಕೆಲವರಿಗೆ ಆಗುವುದಿಲ್ಲ. ಆರು ತಿಂಗಳು ನೋಡುವ."

ಐದು ದಿನ ಸ್ಟಿರಾಯ್ಡ್ ಡ್ರಿಪ್. ನಾನು ದಿನಚರಿಯಲ್ಲಿ ಹೊಸ ಕಲಂ ಹಾಕಿದೆ: ಬೆರಳು ಅಲುಗಿದ್ದು. ಫೆಬ್ರುವರಿ ಪೂರ್ತಿ ಸೊನ್ನೆ. ಮಾರ್ಚ್ 9ಕ್ಕೆ ಎಡಗಾಲಿನ ಹೆಬ್ಬೆರಳು ಒಂದು ಸಲ. ಅಮ್ಮ ಅತ್ತಳು, ನರ್ಸನ್ನು ಕರೆದು ತೋರಿಸಿದಳು. ನರ್ಸಿಗೆ ತೋರಿಸುವಾಗ ಅದು ಅಲುಗಲಿಲ್ಲ.

ಮುಂದೆ ಡಾಕ್ಟರು ಹೇಳಿದ ಆರು ತಿಂಗಳೂ ಕಳೆದವು. ಹೆಬ್ಬೆರಳು ಅಲ್ಲಿಗೇ ನಿಂತಿತು.

ಆಸ್ಪತ್ರೆಯಲ್ಲಿ ಕಲಿತದ್ದು ನಡೆಯುವುದನ್ನಲ್ಲ, ಬೇರೆ ಕೆಲವನ್ನು. ನಾಲ್ಕು ಗಂಟೆಗೊಮ್ಮೆ ಮೂತ್ರ ಇಳಿಸುವ ಕ್ಯಾಥೆಟರ್ ಕೊಳವೆಯನ್ನು ನಾನೇ ಹಾಕಿಕೊಳ್ಳುವುದು. ಕೂತಲ್ಲಿ ಹುಣ್ಣಾಗದ ಹಾಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈಯನ್ನು ಕುರ್ಚಿಯಿಂದ ಎತ್ತುವುದು. ಮಂಚದಿಂದ ವೀಲ್‌ಚೇರಿಗೆ ಹಲಗೆಯ ಮೇಲೆ ಜಾರುವುದು. ರಾತ್ರಿ ಮಲಗುವ ಮೊದಲು ಕೈಗನ್ನಡಿ ಹಿಡಿದು, ಕಾಣದ ಕಡೆಯ ಚರ್ಮ ಕೆಂಪಾಗಿದೆಯೇ ಎಂದು ನೋಡುವುದು. ನನ್ನದೇ ತೊಡೆ ಬಿಸಿಯಾಗಿದೆಯೋ ತಣ್ಣಗಿದೆಯೋ ಎಂದು ತಿಳಿಯಲು ನಾನು ಕೈಯಿಂದ ಮುಟ್ಟಿ ನೋಡಬೇಕು.

ಆಸ್ಪತ್ರೆಯಿಂದ ಮಾರ್ಚ್ 20ಕ್ಕೇ ಕುಕ್ಕುಂದೂರಿನ ಮನೆಗೆ ಬಂದಿದ್ದೆ. ಅಪ್ಪ ಇಲ್ಲ. ಅಮ್ಮ ಬೀಡಿ ಕಟ್ಟುತ್ತಾಳೆ. ಎತ್ತುವವನು ಅಣ್ಣ ಒಬ್ಬನೇ. ಜಗಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲು. ಇಳಿಸಲು ಅವನು, ಹತ್ತಿಸಲು ಅವನು. ದಿನಚರಿಯ ಎರಡನೆಯ ಕಲಂ: ಎತ್ತಿದ್ದು. ಮೊದಲ ವಾರ ದಿನಕ್ಕೆ ಹನ್ನೊಂದು. ಏಪ್ರಿಲಿನಲ್ಲಿ ಅಣ್ಣನ ಸೊಂಟ ಹಿಡಿಯಿತು. ಅವನು ಹೇಳಲಿಲ್ಲ. ಅವನು ಬಗ್ಗಿ ಬೂಟು ಹಾಕಲಾರದೆ ಒದ್ದಾಡುವುದನ್ನು ನಾನು ನೋಡಿದೆ. ಆ ರಾತ್ರಿ ಕಲಮಿನ ಕೆಳಗೆ ಮೊತ್ತ ಬರೆಯಲು ಮನಸ್ಸು ಬರಲಿಲ್ಲ.

ಇಳಿಜಾರು ಕಟ್ಟಿಸಿದೆವು. ಹತ್ತಿರದ ಮನೆ ಕಟ್ಟುವಲ್ಲಿ ಬಾಗಲಕೋಟೆ ಕಡೆಯ ಹನುಮಪ್ಪ ಎಂಬ ಮೇಸ್ತ್ರಿ ಇದ್ದರು. ಅಣ್ಣ ನಾಲ್ಕಡಿ ಉದ್ದ ಸಾಕು ಎಂದ. ಫಿಸಿಯೋಥೆರಪಿಸ್ಟ್ ಬರೆದುಕೊಟ್ಟ ಚೀಟಿಯಲ್ಲಿ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಎಂದಿತ್ತು. ನಮ್ಮ ಜಗಲಿ ಒಂದೂಮುಕ್ಕಾಲು ಅಡಿ ಎತ್ತರ. ಇಪ್ಪತ್ತೊಂದು ಅಡಿ ಬೇಕು. ಅಂಗಳ ಅಷ್ಟು ಉದ್ದವೇ ಇಲ್ಲ.

ಹನುಮಪ್ಪ ಚೀಟಿ ನೋಡಿ ನಕ್ಕರು. "ಚಿಂತಿ ಮಾಡಬ್ಯಾಡ ತಂಗಿ. ನಮ್ಮೂರಾಗ ತುಂಬಿದ ಚಕ್ಕಡಿ ದಿನ್ನಿ ಏರಸಾಕ ಸುತ್ತ ಹಾಕಿ ದಾರಿ ಮಾಡ್ತೇವಿ. ಹಂಗ ಮಾಡೂಣು."

ತುಳಸಿಕಟ್ಟೆಯನ್ನು ಬಳಸಿ ಒಂದು ತಿರುವು ಕೊಟ್ಟರು. ಸಿಮೆಂಟು ಹಸಿಯಿರುವಾಗಲೇ ಅಂಗಳ ಗುಡಿಸುವ ಹಿಡಿಸೂಡಿಯಿಂದ ಅಡ್ಡಡ್ಡ ಗೀರಿದರು. "ನುಣುಪು ಮಾಡಿದ್ರ ಮಳ್ಯಾಗ ಜಾರತೈತಿ" ಎಂದರು. ಮೇ 2ರಂದು ನಾನೊಬ್ಬಳೇ ಅಂಗಳಕ್ಕೆ ಇಳಿದೆ. ಹತ್ತಲು ಏಳು ನಿಮಿಷ ಹಿಡಿಯಿತು. ಹತ್ತಿದೆ.

ಜೂನ್ ಬಂತು. ಚಕ್ರ ನೂಕಲು ಎರಡು ಕೈ ಬೇಕು, ಕೊಡೆ ಹಿಡಿಯಲು ಒಂದು. ನನಗಿರುವುದು ಎರಡೇ. ಸೆಪ್ಟೆಂಬರ್‌ವರೆಗೆ ರಸ್ತೆಗೆ ಹೋದದ್ದು ಒಂಬತ್ತು ಸಲ. ಉಳಿದ ದಿನ ಜಗಲಿಯಲ್ಲೇ ಹಿಂದೆ ಮುಂದೆ.

ಮಳೆ ಬಿಟ್ಟ ಮೇಲೆ ಸೊಸೈಟಿಯ ಸೆಕ್ರೆಟರಿ ಶೆಟ್ರು ಮನೆಗೆ ಬಂದರು. ನಾನಿಲ್ಲದ ಎಂಟು ತಿಂಗಳು ಹಾಲಿನ ಪರೀಕ್ಷೆಯನ್ನೂ ಅವರೇ ಮಾಡಿದ್ದರು. ಅವರಿಗೆ ಕಣ್ಣು ಸರಿ ಕಾಣುವುದಿಲ್ಲ. ತಿಂಗಳೊಳಗೆ ಆ ಜಾಗಕ್ಕೆ ಯಾರನ್ನಾದರೂ ತೆಗೆದುಕೊಳ್ಳಲೇಬೇಕಿತ್ತು.

"ಕೆಲಸ ಕೂತು ಮಾಡುವುದೇ. ಅದರಲ್ಲಿ ತೊಂದರೆ ಇಲ್ಲ" ಎಂದರು. "ಬರುವುದು ಹೇಗೆ?"

"ನಾನೇ ಬರ್ತೇನೆ."

"ನೋಡು ಶೋಭಾ, ಬೇಸರ ಮಾಡಬೇಡ. ನಿನ್ನನ್ನು ತಂದು ಬಿಡುವವರಿಗೆ ಒಂದು ದಿನ ಜ್ವರ ಬಂದರೆ, ನಲವತ್ತು ಜನ ಹಾಲು ಹಿಡಿದು ನಿಲ್ಲಬೇಕಾಗ್ತದೆ. ಹಾಲು ಕಾಯುವುದಿಲ್ಲ. ಹತ್ತು ದಿನ ನೀನಾಗಿ ಬಾ. ಎರಡು ಹೊತ್ತು. ಆದರೆ ಜಾಗ ನಿನ್ನದು."

ಅವರು ಹೇಳಿದ್ದು ನ್ಯಾಯ ಎಂದೇ ನನಗೆ ಅನಿಸಿತು. ಅದಕ್ಕೇ ಹೆಚ್ಚು ಹೆದರಿಕೆಯೂ ಆಯಿತು. ಈ ಕೆಲಸ ಹೋದರೆ ಊರಲ್ಲಿ ನನಗೆ ಹೋಗಲು ಬೇರೆ ಜಾಗ ಇರಲಿಲ್ಲ. ಹೋಗಲು ಜಾಗವಿಲ್ಲದವಳಿಗೆ ದಾರಿ ಯಾಕೆ?

ಎರಡು ದಿನ ದಾರಿಯನ್ನು ಅಳೆದೆ. ಮನೆಯಿಂದ ಮೋರಿಗೆ ನೂರ ಎಪ್ಪತ್ತು ನೂಕು. ಮೋರಿಯ ಮೇಲಿನ ಚಪ್ಪಡಿ ಎಡಗಡೆ ಒಡೆದಿದೆ, ಬಲಕ್ಕೇ ಇರಬೇಕು. ಅಲ್ಲಿಂದ ಅಶ್ವತ್ಥಕಟ್ಟೆಯವರೆಗೆ ಏರು, ನೂರ ಅರವತ್ತು ನೂಕು, ಎರಡು ಸಲ ನಿಂತು ಉಸಿರು ಬಿಡಬೇಕು. ಮತ್ತೆ ಇಳಿಜಾರು, ಎಂಬತ್ತೆಂಟು. ಒಟ್ಟು ನಾನೂರ ಹದಿನೆಂಟು, ಇಪ್ಪತ್ತೆರಡು ನಿಮಿಷ. ಸೊಸೈಟಿಯ ಎದುರು ಎರಡು ಮೆಟ್ಟಿಲಿದೆ. ಆದರೆ ಹಿಂಬದಿಯಲ್ಲಿ ದೊಡ್ಡ ಕ್ಯಾನುಗಳನ್ನು ವ್ಯಾನಿಗೆ ಉರುಳಿಸುವ ಇಳಿಜಾರು ಉಂಟು. ನಾಲ್ಕು ವರ್ಷ ಅಲ್ಲಿ ಕೆಲಸ ಮಾಡಿದವಳಿಗೆ ಅದು ಈಗ ಕಂಡಿತು.

ಅಕ್ಟೋಬರ್ 7, ಮೊದಲ ದಿನ. ಬೆಳಿಗ್ಗೆ ಐದೂವರೆಗೆ ಗೇಟು ದಾಟಿದೆ. ಇಪ್ಪತ್ತು ನೂಕು ಆಗಿರಲಿಲ್ಲ, ಕುರ್ಚಿ ತಾನಾಗಿ ಓಡತೊಡಗಿತು. ತಿರುಗಿ ನೋಡಿದರೆ ಕಮಲಕ್ಕ. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈ ನನ್ನ ಕುರ್ಚಿಯ ಮೇಲೆ.

"ಬೇಡ ಕಮಲಕ್ಕ. ನಾನೇ ಹೋಗಬೇಕು."

"ಎಂತ ನಾಚಿಕೆ ಮಾರಾಯ್ತಿ! ನಿನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು ನಾನು."

ಏರಿನಲ್ಲಿ ಇನ್ನಿಬ್ಬರು ಸೇರಿಕೊಂಡರು. ಸೊಸೈಟಿಗೆ ಹದಿಮೂರು ನಿಮಿಷದಲ್ಲಿ ತಲುಪಿದೆ. ಶೆಟ್ರು ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಹೋದರು. ದಿನಚರಿಗೆ ಮೂರನೆಯ ಕಲಂ ಬಂತು: ಕುರ್ಚಿ ಮುಟ್ಟಿದ ಕೈಗಳು. ಬೆಳಿಗ್ಗೆ ಐದು, ಸಂಜೆ ನಾಲ್ಕು.

ಎರಡನೆಯ ದಿನ ಹಾಗೆಯೇ. ಮೂರನೆಯ ದಿನ ಇಪ್ಪತ್ತು ನಿಮಿಷ ಮೊದಲೇ ಹೊರಟೆ. ಕಮಲಕ್ಕ ಗೇಟಿನ ಹೊರಗೆ ನಿಂತಿದ್ದರು. "ನೀನು ಬೇಗ ಹೊರಡ್ತಿ ಅಂತ ನಿನ್ನ ಅಮ್ಮ ಹೇಳಿದಳು" ಎಂದರು. ಕೆಲಸ ಮುಗಿಸಿ ಮನೆಗೆ ಬಂದು ಅಮ್ಮನನ್ನು ಬೈದೆ. "ಬಿದ್ದರೆ ಯಾರು ನೋಡುವುದು? ನಾನೇ ಹೇಳಿದ್ದು" ಎಂದಳು ಅಮ್ಮ, ಬೀಡಿ ಎಲೆ ಕತ್ತರಿಸುತ್ತಾ, ತಲೆ ಎತ್ತದೆ.

ನನಗೆ ಕಾಯಿಲೆಯ ಮೇಲೆ ಬಾರದ ಸಿಟ್ಟು ಆ ದಿನ ಬಂತು. ಇವರಲ್ಲಿ ಒಬ್ಬರೂ ಕೆಟ್ಟವರಲ್ಲ. ಬೈಯಲು ಒಬ್ಬರೂ ಇಲ್ಲ. ಇಷ್ಟು ಒಳ್ಳೆಯ ಕೈಗಳ ನಡುವೆಯೇ ನನ್ನ ಕೆಲಸ ಹೋಗುತ್ತಿತ್ತು.

ನಾಲ್ಕನೆಯ ದಿನ ಏರಿನಲ್ಲಿ ನೂಕುವಾಗ ಕಮಲಕ್ಕನ ಕ್ಯಾನು ಓರೆಯಾಗಿ ಹಾಲು ಚೆಲ್ಲಿತು. "ಅಯ್ಯೋ" ಎಂದು ನಿಂತರು.

"ಕ್ಯಾನು ನನ್ನ ಮಡಿಲಲ್ಲಿ ಇಡಿ" ಎಂದೆ. ಈಗಷ್ಟೇ ಕರೆದ ಹಾಲು ಬೆಚ್ಚಗಿರುತ್ತದೆ, ನನ್ನ ತೊಡೆಗೆ ತಿಳಿಯುವುದಿಲ್ಲ. ಬೆವರು ಒರೆಸುವ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿಕೊಂಡೆ.

ಆಗ ಒಂದು ವಿಷಯ ನಡೆಯಿತು. ಕಮಲಕ್ಕ ಕುರ್ಚಿಯ ಹಿಂದೆ ಹೋಗಲಿಲ್ಲ. ಪಕ್ಕಕ್ಕೆ ಬಂದರು. ಅವರ ಕಣ್ಣು ಕ್ಯಾನಿನ ಮುಚ್ಚಳದ ಮೇಲೆ. "ಮೆಲ್ಲಗೆ, ಮೆಲ್ಲಗೆ, ಕುಲುಕ್ತದೆ" ಎನ್ನುತ್ತಾ ಬಂದರು. ನಾನು ನೂಕಿದೆ. ಯಾರೂ ಮುಟ್ಟಲಿಲ್ಲ. ಆರನೆಯ ದಿನಕ್ಕೆ ನನ್ನ ಮಡಿಲಲ್ಲಿ ಮೂರು ಕ್ಯಾನು. ಮೂರು ಹೆಂಗಸರು ಕೈಬೀಸಿಕೊಂಡು ಪಕ್ಕದಲ್ಲಿ ನಡೆದು ಬಂದರು, ಅವರವರ ಸೊಸೆಯರ ಮೇಲೆ ದೂರು ಹೇಳುತ್ತಾ.

ಶೆಟ್ರಿಗೆ ಸಂತೋಷವಾಗಬೇಕಿತ್ತು. ಅವರ ಮುಖ ಸಣ್ಣದಾಯಿತು. ನನ್ನನ್ನು ಬದಿಗೆ ಕರೆದರು.

"ಹಾಲು ಪರೀಕ್ಷೆ ಮಾಡುವವಳು ಸದಸ್ಯರ ಹಾಲು ಹೊತ್ತು ತರುವುದಾ? ನಾಳೆ ಒಬ್ಬರಿಗೆ ಕಡಿಮೆ ಬಂದರೆ ದಾರಿಯಲ್ಲಿ ನೀನು ನೀರು ಹಾಕಿದಿ ಅಂತಾರೆ. ಜಾಸ್ತಿ ಬಂದರೆ ನಿನ್ನ ದಯೆ ಅಂತಾರೆ."

ನನಗೆ ಇದು ಹೊಳೆದೇ ಇರಲಿಲ್ಲ. ಕೈಗಳ ಲೆಕ್ಕ ಬರೆಯುವುದರಲ್ಲಿ ನನ್ನ ಕೆಲಸ ಏನೆಂಬುದನ್ನೇ ಮರೆತಿದ್ದೆ.

ಏನಾಗಬಾರದೋ ಅದು ಅವತ್ತೇ ಆಯಿತು. ಐದು ದಿನ ಶೆಟ್ರೇ ಗೆರೆ ಓದಿದ್ದರು, ನಾನು ಬರೆದುಕೊಂಡಿದ್ದೆ; ಆ ಬೆಳಿಗ್ಗೆ ಮೊದಲ ಸಲ ಜಾಡಿಯನ್ನು ನನ್ನ ಮುಂದೆ ಇಟ್ಟರು. ಕಮಲಕ್ಕನ ಹಾಲು ಜಾಡಿಗೆ ಹೊಯ್ದೆ. ಲ್ಯಾಕ್ಟೋಮೀಟರ್ ಇಳಿದು ಇಪ್ಪತ್ತೆರಡಕ್ಕೆ ನಿಂತಿತು. ಇಪ್ಪತ್ತೆಂಟಾದರೂ ಇರಬೇಕು. ಜಾಡಿ ಖಾಲಿ ಮಾಡಿದೆ. ಹಾಲು ಕದಡಿ ಮತ್ತೊಮ್ಮೆ ತುಂಬಿಸಿದೆ. ಇಪ್ಪತ್ತೆರಡು. ಸಾಲಿನಲ್ಲಿದ್ದವರು ಮುಂದೆ ಬಗ್ಗಿ ನೋಡಿದರು. ಶೆಟ್ರು ನನ್ನನ್ನೇ ನೋಡುತ್ತಿದ್ದರು.

ಇಪ್ಪತ್ತೆರಡು ಎಂದು ಬರೆದೆ.

"ಈ ಹಾಲು ತೆಗೆದುಕೊಳ್ಳಲು ಆಗುವುದಿಲ್ಲ ಕಮಲಕ್ಕ."

"ನಿನ್ನ ಮಡಿಲಲ್ಲೇ ಬಂದ ಹಾಲು!" ಅವರು ಕ್ಯಾನಿನ ಮುಚ್ಚಳ ಒತ್ತಿ ಮುಚ್ಚಿದರು. "ನಾನು ನೀರು ಹಾಕುವವಳಾ? ಕರೆದ ಚೆಂಬನ್ನು ಒಂದಿಷ್ಟು ನೀರಿನಲ್ಲಿ ತೊಳೆದು ಅದರಲ್ಲೇ ಹಾಕ್ತೇನೆ. ಚೆಂಬಿಗೆ ಅಂಟಿದ್ದೂ ಹಾಲೇ ಅಲ್ವಾ? ಯಾಕೆ ಹಾಳು ಮಾಡುವುದು? ಶೆಟ್ರು ಇಷ್ಟು ದಿನ ಒಂದು ಮಾತು ಹೇಳಲಿಲ್ಲ!"

ಶೆಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಕಮಲಕ್ಕ ಕ್ಯಾನು ಎತ್ತಿಕೊಂಡು ಹೊರಟುಹೋದರು. ಜೊತೆಗೆ ಬಂದಿದ್ದ ಉಳಿದಿಬ್ಬರೂ ನನ್ನ ಮುಖ ನೋಡಲಿಲ್ಲ.

ಆ ಸಂಜೆ ಗೇಟಿನಲ್ಲಿ ಯಾರೂ ಇರಲಿಲ್ಲ. ಮೋರಿಯಲ್ಲಿ ಯಾರೂ ಇಲ್ಲ. ಏರಿನಲ್ಲಿ ಒಬ್ಬರು ಬೇಗ ಬೇಗ ದಾಟಿಕೊಂಡು ಹೋದರು. ಹಿಂಬದಿಯ ಇಳಿಜಾರು ಹತ್ತುವಾಗ ಗಡಿಯಾರ ನೋಡಿದೆ. ಇಪ್ಪತ್ತೊಂದು ನಿಮಿಷ. ಕೈಗಳು: ಸೊನ್ನೆ. ಎಂಟು ತಿಂಗಳಿನಿಂದ ನಾನು ಬೇಡಿಕೊಂಡ ಸೊನ್ನೆ ಅದು. ಬರೆಯುವಾಗ ಸಂತೋಷ ಆಗಲಿಲ್ಲ. ಮನೆಯವರು ಬಿಟ್ಟರೆ ಆಸ್ಪತ್ರೆಗೆ ಬಂದು ಮೂರು ದಿನ ನನ್ನ ಹತ್ತಿರ ಮಲಗಿದ್ದವರು ಕಮಲಕ್ಕ ಒಬ್ಬರೇ.

ಏಳನೆಯ ದಿನವೂ ಸೊನ್ನೆ. ಆ ದಿನ ಕಮಲಕ್ಕ ಹಾಲನ್ನೇ ತರಲಿಲ್ಲ. ಮರುದಿನ ಬೆಳಿಗ್ಗೆ ಗೇಟಿನ ಹೊರಗೆ ನಿಂತಿದ್ದರು. ಕ್ಯಾನಿನ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು.

"ಚೆಂಬು ತೊಳೆದ ನೀರು ಬಸಳೆ ಬುಡಕ್ಕೆ ಹಾಕಿದೆ. ಹಿಡಿ."

"ನಾನು ಹೊರಬಾರದು ಕಮಲಕ್ಕ. ಶೆಟ್ರು ಹೇಳಿದ್ದು ಸರಿ."

"ಹಾಗಾದರೆ ನಾನು ನೂಕಲೂಬಾರದು, ನೀನು ಹೊರಲೂಬಾರದು. ನಾವಿಬ್ಬರು ಎಂತ ಮಾಡುವುದು?"

"ಒಟ್ಟಿಗೆ ಹೋಗುವುದು."

ಒಟ್ಟಿಗೆ ಹೋದೆವು. ಅವರ ಹಾಲು ಇಪ್ಪತ್ತೊಂಬತ್ತಕ್ಕೆ ನಿಂತಿತು. ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವರು ಸಾಲಿನ ಕಡೆ ತಿರುಗಿ, "ಕೇಳಿತಾ?" ಎಂದರು.

ಅಕ್ಟೋಬರ್ 16, ಹತ್ತನೆಯ ದಿನ. "ಮೊದಲ ನಾಲ್ಕು ದಿನದ್ದು ಬಿಡು" ಎಂದರು ಶೆಟ್ರು. ಪರೀಕ್ಷೆಯ ಮೇಜಿನ ಹಿಂದೆ ಇದ್ದ ಸ್ಟೂಲನ್ನು ತೆಗೆದು ಹೊರಗಿಟ್ಟಿದ್ದರು. ವೀಲ್‌ಚೇರು ನೇರವಾಗಿ ಒಳಗೆ ಹೋಯಿತು.

ಇದನ್ನು ನವೆಂಬರಿನಲ್ಲಿ ಬರೆಯುತ್ತಿದ್ದೇನೆ. ಕಾಲು ಹಾಗೆಯೇ ಉಂಟು. ಕಳೆದ ತಿಂಗಳು ಒಂದು ಸಲ ಮೂತ್ರದ ಸೋಂಕು ಬಂತು, ಎರಡು ದಿನ ರಜೆ ಹಾಕಿದೆ. ಶೆಟ್ರು ಕನ್ನಡಕ ಹಾಕಿಕೊಂಡು ಸುಧಾರಿಸಿದರು. ಮುಂದಿನ ಮಳೆಗಾಲಕ್ಕೆ ಎಂತ ಮಾಡುವುದೆಂದು ಇನ್ನೂ ತಿಳಿದಿಲ್ಲ. ಚಕ್ರಕ್ಕೆ ಸಿಕ್ಕಿಕೊಳ್ಳದ ಹಾಗೆ ಒಂದು ಮಳೆಕೋಟು ಹೊಲಿಯುತ್ತಿದ್ದೇನೆ. ಸರಿಯಾಗಬಹುದು, ಆಗದೆಯೂ ಇರಬಹುದು. ಅಣ್ಣನ ಸೊಂಟ ಈಗ ಪರವಾಗಿಲ್ಲ. ಬಗ್ಗಿ ಬೂಟು ಹಾಕುತ್ತಾನೆ.

ಇವತ್ತು ಬೆಳಿಗ್ಗೆ ಅಶ್ವತ್ಥಕಟ್ಟೆ ದಾಟಿ ಇಳಿಜಾರಿಗೆ ಬಂದಾಗ ಚಕ್ರಗಳನ್ನು ಸ್ವಲ್ಪ ಸಡಿಲ ಬಿಟ್ಟೆ. ಗಾಳಿ ಮುಖಕ್ಕೆ ಹೊಡೆಯಿತು. ಹಿಂದಿನಿಂದ ಏದುಸಿರು ಬಿಡುತ್ತಾ ಕಮಲಕ್ಕ ಕೂಗಿದರು:

"ನಿಲ್ಲು ಮಾರಾಯ್ತಿ! ಇಷ್ಟು ಜೋರು ಹೋದರೆ ನನಗೆ ನಡೆಯಲಿಕ್ಕೆ ಆಗ್ತದಾ?"

ಅಂಗೈಯಿಂದ ಚಕ್ರ ಒತ್ತಿ ಹಿಡಿದೆ. ಅವರು ಬರುವವರೆಗೆ ನಿಂತೆ.